ನೀರು ಕುಡಿದ ಉಪ್ಪು

ದುರುಗವ್ವ ಸಿಂಕಿನಲ್ಲಿ ಬೀಕರುಗಳನ್ನು ತಿಕ್ಕುತ್ತಿದ್ದಳು. ವಿದ್ಯಾನಗರದ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಪಕ್ಕದಲ್ಲೇ ರಸಾಯನಶಾಸ್ತ್ರದ ನಿರ್ಮಲಮ್ಮ ಒಂದು ಶೀಶೆಯನ್ನು ಬೆಳಕಿಗೆ ಹಿಡಿದು ಕೂತಿದ್ದರು. ಒಳಗೆ ಜೇನಿನಂಥ ಮಂದ ದ್ರವ.

“ನಾಕು ದಿನದಿಂದ ಅದನ್ನ ನೋಡಾಕ ಹತ್ತೀರಲ್ರಿ ಮೇಡಮ್ಮಾರೆ, ಏನರ ಮಾತಾಡತೈತಾ?”

“ಇದು ಉಪ್ಪು ದುರುಗವ್ವ. ಕಾಯಿಸದೇನೇ ನೀರಾಗಿರೋ ಉಪ್ಪು. ಕಡ್ಡಿ ಗೀರಿದ್ರೂ ಹತ್ತಲ್ಲ.”

“ಉಪ್ಪು ಎಲ್ಲೆರ ಹತ್ತತೈತಾ? ಬಿಡ್ರಿ.”

ನಿರ್ಮಲಮ್ಮ ನಗಲಿಲ್ಲ. ಲಿಥಿಯಂ ಬ್ಯಾಟರಿಯೊಳಗೆ ಈಗ ಹಾಕುವ ದ್ರಾವಕ ಸೀಮೆಎಣ್ಣೆಯಂತೆ ಹೊತ್ತಿಕೊಳ್ಳುತ್ತದೆ. ಅದರ ಬದಲು ಇದನ್ನು ಹಾಕಿದರೆ ಆ ಭಯವಿಲ್ಲ. ತೊಂಬತ್ತೆಂಟರ ದಸರೆ ಮುಗಿದ ಮೇಲೆ ಅಳೆದಾಗ ಇದರಲ್ಲಿ ವಿದ್ಯುತ್ತು ಅಂದುಕೊಂಡದ್ದರ ಎರಡು ಪಟ್ಟು ಸಲೀಸಾಗಿ ಹರಿದಿತ್ತು. ಹಿಗ್ಗಿನಲ್ಲಿ ಆ ಲೆಕ್ಕವನ್ನೂ ಅರ್ಧ ದ್ರವವನ್ನೂ ಪುಣೆಯ ಪ್ರಯೋಗಾಲಯವೊಂದಕ್ಕೆ ಕಳಿಸಿದ್ದರು. ‘ನಾವು ಮಾಡಿದ್ದರಲ್ಲಿ ಅಷ್ಟು ಬರುತ್ತಿಲ್ಲ. ನಿಮ್ಮದನ್ನೇ ಬ್ಯಾಟರಿಗೆ ಹಾಕಿ ನೋಡೋಣವೇ?’ ಎಂದು ಅವರು ಕೇಳಿ ಮೂರು ತಿಂಗಳಾಗಿತ್ತು. ಹೊಸದಾಗಿ ಮಾಡಿದ ದ್ರವ ನಿರ್ಮಲಮ್ಮನವರ ಕೈಯಲ್ಲೂ ಆ ಅಳತೆ ಕೊಡಲಿಲ್ಲ. ಇಂದು ಬಂದೀತು, ನಾಳೆ ಬಂದೀತು ಎಂದು ಅವರು ಉತ್ತರ ಬರೆದೇ ಇರಲಿಲ್ಲ.

“ಆ ಅಳತಿ ಬಂದಿದ್ದು ದಸರಿ ಮುಗಿದ ಮ್ಯಾಲೆ. ದಸರಿಯಾಗ ಇದನ್ನ ಯಾರರ ಮುಟ್ಟಿದ್ರಾ?” ನಿರ್ಮಲಮ್ಮ ಕೇಳಿದರು.

ದುರುಗವ್ವನ ಕೈ ನಿಂತಿತು.

“ನಾನ ಮುಟ್ಟಿದ್ದೆ. ಆಯುಧಪೂಜಿಗೆ ಒಂದನ್ನೂ ಬಿಡಬ್ಯಾಡ, ಎಲ್ಲಕ್ಕೂ ವಿಭೂತಿ ಹಚ್ಚು ಅಂದಿದ್ರಲ್ಲ ನೀವು? ನೀವು ಭದ್ರ ಮುಚ್ಚಿಟ್ಟಿದ್ದ ಜಾಡಿಯಿಂದ ಶೀಶೆ ತೆಗೆದು, ಮುಚ್ಚಳ ಬಿಚ್ಚಿ ಊದಿನಕಡ್ಡಿ ಬೆಳಗಿದೆ. ದೇವರ ಹೊಗಿ ಒಳಗೂ ಹೋಗ್ಲಿ ಅಂತ. ಸಂಜಿಗೆ ಮುಚ್ಚಿಟ್ಟೆ.”

ಅಂದು ದಿನವಿಡೀ ಜಿಟಿಜಿಟಿ ಮಳೆ. ಗಾಳಿಯ ತೇವವನ್ನೆಲ್ಲ ಉಪ್ಪು ಕುಡಿದಿತ್ತು. ಅಷ್ಟು ಸಲೀಸಾಗಿ ವಿದ್ಯುತ್ತು ಹರಿಸಿದ್ದು ಆ ನೀರು. ಲಿಥಿಯಂಗೂ ನೀರಿಗೂ ಎಣ್ಣೆ-ಸೀಗೆಕಾಯಿ; ತಾಗಿದರೆ ಉರಿದೀತು ಎಂದು ನಿರ್ಮಲಮ್ಮ ಬಿಡಿಸಿ ಹೇಳಿದರು.

“ನನ್ನ ಕೆಲಸ ಹೋಗತೈತೇನ್ರಿ?”

“ನಿಂದ್ಯಾಕ ಹೋಗತೈತೆ? ಪೂಜಿ ಮಾಡು ಅಂದಾಕಿ ನಾನು. ಹೋದ್ರೆ ನನ್ನ ಹೆಸರು ಹೋಗತೈತೆ. ನಗ್ತಾರೆ.”

“ನಗಲಿ ಬಿಡ್ರಿ. ಅವರ ಕೈ ಸುಟ್ಟ ಮ್ಯಾಲೆ ಹೇಳಾಕ ನಿಮಗ ಬಾಯಿ ಬರತೈತಾ?”

ನಿರ್ಮಲಮ್ಮ ಕಾಗದ ಎಳೆದುಕೊಂಡರು. ‘ದ್ರವದಲ್ಲಿ ನೀರು ಸೇರಿದೆ, ಬಳಸಬೇಡಿ. ನಮ್ಮ ಅಳತೆ ತಪ್ಪು, ಹೊಣೆ ನನ್ನದು. ಒಣಗಿಸಿದ ಮೇಲೂ ಬೆಂಕಿ ಹತ್ತುವುದಿಲ್ಲ. ಅಷ್ಟು ಮಾತ್ರ ನಿಜ.’ ಪೂಜೆಯ ಮಾತನ್ನಾಗಲಿ ದುರುಗವ್ವನ ಹೆಸರನ್ನಾಗಲಿ ಬರೆಯಲಿಲ್ಲ.

“ಇಲ್ಲಿ ಇವತ್ತಿನ ಟಪಾಲು ತೆಗೆದಾಗೈತೆ. ಕೊಡ್ರಿ, ನಮ್ಮೂರಾಗ ಹಾಕ್ತೀನಿ.”

ಸಂಜೆಯ ರೈಲಿನಲ್ಲಿ ತನ್ನೂರು ಹರಿಹರದ ಸ್ಟೇಷನ್ನಿನಲ್ಲಿ ಇಳಿದು ದುರುಗವ್ವ ಅಂಚೆಡಬ್ಬಿಯ ಬಾಯಿಗೆ ಲಕೋಟೆ ಇಟ್ಟಳು. ಡಬ್ಬಿ ತುಂಬಿತ್ತು, ಬಿದ್ದ ಸದ್ದಾಗಲಿಲ್ಲ. ಬಳೆಗಳು ತಗಡಿಗೆ ಸಿಕ್ಕಿಕೊಳ್ಳುವವರೆಗೂ ಕೈ ತೂರಿಸಿ, ಅದನ್ನು ಒಳಕ್ಕೆ ದಬ್ಬಿದಳು.