ಹೌರಾ ನಿಲ್ದಾಣದ ಅಧ್ಯಾಯ

ಬರೆಯುವಾಗ ಹೆದರಿಕೆಗೆ ಬೆರಳು ತಣ್ಣಗಾಗದಿದ್ದರೆ ಆ ಹಾಳೆ ಹರಿದುಹಾಕಿ ಎಂದು ನಿರುಪಮ್‌ದಾ ನಮಗೆ ಹೇಳಿಕೊಟ್ಟಿದ್ದರು. ಶ್ಯಾಮಬಜಾರಿನ ಅವರ ಮಹಡಿ ಕೋಣೆಯಲ್ಲಿ ಶನಿವಾರ ಸಂಜೆ ಸೇರುತ್ತಿದ್ದ ನಾವೆಲ್ಲ ಕಾದಂಬರಿಕಾರರಾಗುವ ಹುಚ್ಚು ಹತ್ತಿದವರು. ಬರೆದವರು ಓದುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಬೇರೆಯವರು ಓದುತ್ತಾರೆ, ಬರೆದವರು ತುಟಿ ಎರಡು ಮಾಡದೆ ಕೂರಬೇಕು. ಓದುವವರ ನಾಲಿಗೆ ತಡವರಿಸಿದ ಕಡೆ ಬರಹ ಕೆಟ್ಟಿದೆ ಎಂದು ಅವರ ಲೆಕ್ಕ.

ನನ್ನ ಅಧ್ಯಾಯ ಹಿಂದಿನ ವಾರವೇ ಅವರ ಕೈ ಸೇರಿತ್ತು; ಸಭೆಗೆ ಮೊದಲು ಅವರೂ ಓದುತ್ತಿರಲಿಲ್ಲ. ಸಭೆಗೆ ಮೆಚ್ಚುಗೆಯಾದರೆ ಅವರ ಪತ್ರಿಕೆಯ ಪೂಜಾ ಸಂಚಿಕೆಯಲ್ಲಿ, ಅಂದರೆ ದಸರಾ ವಿಶೇಷಾಂಕದಲ್ಲಿ, ಅಚ್ಚಾಗುತ್ತಿತ್ತು. ಆ ಶನಿವಾರವೇ ಜೇಠಿಮಾ ಹಟ ಹಿಡಿದು ಹೊರಟರು.

"ನಿನ್ನ ಸಭೆ ನಾನೂ ನೋಡ್ತೀನಿ ನಡಿಯೇ ಝಿನುಕ್. ಬಾಗಿಲಲ್ಲಿ ತಡೆದಾರೇನು?"

ಜೇಠಿಮಾ ಅಂದರೆ ನನ್ನ ದೊಡ್ಡಮ್ಮ. ತಾಯಿಯಿಲ್ಲದ ನನ್ನನ್ನು ಸಾಕಿದವರು. ಝಿನುಕ್ ಮನೆಯಲ್ಲಿ ನನ್ನನ್ನು ಕರೆಯುವ ಹೆಸರು, ದಾಖಲೆಯಲ್ಲಿ ನಾನು ಪಾರಮಿತಾ. ಹೋದ ವರ್ಷ ಜ್ವರದಲ್ಲಿ ನನ್ನ ಕೈ ಹಿಡಿದು ಒಂದು ಮಾತು ಹೇಳಿದ್ದರು: ಮದುವೆಯಾದ ಹೊಸತರಲ್ಲಿ ಒಂದು ಬೆಳಗಿನ ಜಾವ ಹೌರಾ ನಿಲ್ದಾಣಕ್ಕೆ ಹೋಗಿದ್ದರು, ಅಲ್ಲೊಬ್ಬ ಕಾಯುತ್ತಿದ್ದ. ರೈಲು ಹತ್ತಲಿಲ್ಲ. ಗಂಗೆಯಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲೇ ಮನೆಗೆ ಬಂದು, ಸ್ನಾನಕ್ಕೆ ಹೋಗಿದ್ದೆ ಎಂದು ಮನೆಯವರಿಗೆ ಹೇಳಿದ್ದರು. ನಾನು, ಪಾಪಿ, ಅದನ್ನೇ ಬರೆದಿದ್ದೆ.

ದಾರಿಯುದ್ದಕ್ಕೂ ಮಳೆ ಬರುತ್ತೆ, ಮೆಟ್ಟಿಲು ಕಡಿದು ಎಂದು ಏನೇನೋ ಹೇಳಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಚಹಾ ಬಂತು, ಮುರಿ ಎನ್ನುವ ಮಂಡಕ್ಕಿ ಬಂತು. ನಿರುಪಮ್‌ದಾ ನಗುತ್ತ, "ಇವತ್ತು ಪಾರಮಿತಾಳ ಸರದಿ. ಅತಿಥಿಗಳೇ ಓದಲಿ. ದಿದಿ, ಕನ್ನಡಕ ತಂದಿದ್ದೀರಾ?" ಎಂದರು.

"ತರದೆ? ಮನೇಲಿ ಇವಳ ಜೇಠುಗೆ ದಿನಾ ಪೇಪರ್ ಓದೋಳು ನಾನೇ. ಅವರ ಕಣ್ಣು ಮಂಜು. ಪೂಜಾ ಸಂಚಿಕೆ ಬಂದರಂತೂ ಒಂದಕ್ಷರ ಬಿಡೋ ಹಾಗಿಲ್ಲ."

ಹಾಗಾದರೆ ಅಚ್ಚಾದದ್ದು ಜೇಠು ಕಿವಿಗೂ ಬೀಳುತ್ತದೆ. ಜೇಠು ಎಂದರೆ ದೊಡ್ಡಪ್ಪ. ಅವರ ಸಿಟ್ಟಿಗೆ ಮನೆಯ ಬೆಕ್ಕೂ ಮಂಚದ ಕೆಳಗೆ ಸೇರುತ್ತದೆ.

ಜೇಠಿಮಾ ಓದತೊಡಗಿದರು. ಅನುಪಮಾ ಎಂಬ ಅವರ ದಾಖಲೆಯ ಹೆಸರನ್ನು ನಾನು ಸುಪ್ರಭಾ ಎಂದು ಬದಲಿಸಿದ್ದೆ, ಗಂಡನನ್ನು ಡಾಕ್ಟರ್ ಮಾಡಿದ್ದೆ. ಅಷ್ಟೇ ನನಗಿದ್ದ ಧೈರ್ಯ. ಆದರೆ ಸುಪ್ರಭಾ ನಿಲ್ದಾಣದ ಹೊಸ್ತಿಲು ದಾಟುವುದನ್ನು ಅವರು ಓದುವಾಗ ನೆನಪಾಯಿತು: ಕಾಯುತ್ತಿದ್ದವನು ಜನರ ನಡುವಿಂದ ಕೂಗುವ ಕಡೆ "ಖೆಂದಿ" ಎಂದೇ ಬರೆದುಬಿಟ್ಟಿದ್ದೆ. ಅದು ಅವರ ಕರೆಯುವ ಹೆಸರು. ತವರಿನವರು ಫೋನಿನಲ್ಲಿ ಕರೆಯುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೆ. ದಾಖಲೆಯ ಹೆಸರನ್ನು ಅಷ್ಟು ಜೋಪಾನವಾಗಿ ತಿದ್ದಿದವಳಿಗೆ ಅದೂ ಒಂದು ಹೆಸರು ಎಂದೇ ಹೊಳೆದಿರಲಿಲ್ಲ.

ಬಾಯಿ ತೆರೆಯುವಂತಿಲ್ಲ. ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಆ ಸಾಲಿಗೆ ಬಂತು. ನಿಂತಿತು.

"...ಅವನು ಕೂಗಿದ, 'ಸುಪ್ರಭಾ!'" ಎಂದು ಓದಿ, ಜೇಠಿಮಾ ಮುಂದೆ ಹೋದರು. ಗಂಗೆ, ಒದ್ದೆ ಸೀರೆ, ಮನೆ. ದನಿ ಅಲುಗಲಿಲ್ಲ. ನಾನು ಅವರ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ.

"ಚೆನ್ನಾಗಿದೆ. ಒಂದು ಕಡೆ ಕೆಟ್ಟಿತು," ಎಂದರು ನಿರುಪಮ್‌ದಾ. "ದಿದಿ ನಿಂತರಲ್ಲ, ಅಲ್ಲಿ. ಓಡಿಹೋಗೋಕೆ ಬಂದವನು ಹಾಜರಿ ಕೂಗೋ ಮೇಷ್ಟ್ರ ಹಾಗೆ 'ಸುಪ್ರಭಾ' ಅಂತಾನೇನೇ? ಹೆದರಿಬಿಟ್ಟೆ ನೀನು."

"ಟುನಿ ಅಂತ ಇಡು!" "ಬೂಡಿ ಅಂತ!" ಗೆಳೆಯರು ನಗುತ್ತ ಒಂದೊಂದೇ ಕರೆಯುವ ಹೆಸರು ಕೂಗತೊಡಗಿದರು. ಯಾರ ಬಾಯಲ್ಲಿ 'ಖೆಂದಿ' ಬಂದುಬಿಡುತ್ತದೋ ಎಂದು ಒಬ್ಬೊಬ್ಬರ ತುಟಿಯನ್ನೇ ನೋಡುತ್ತಿದ್ದೆ. ಜೇಠಿಮಾ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಮನೆಗೆ ಮರಳುವ ಟ್ರಾಮಿನಲ್ಲಿ ಅವರ ಪಕ್ಕ ಕೂತೆ.

"ಜೇಠಿಮಾ, ಆ ಅಧ್ಯಾಯ ಹರಿದುಹಾಕ್ತೀನಿ. ನನ್ನನ್ನ ಮನೆಯಿಂದ ಆಚೆ ಹಾಕಬೇಡಿ."

"ಬಾಯಿ ಮುಚ್ಚೇ. ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಅವನು ಸುಪ್ರಭಾ ಅನ್ನಲಿಲ್ಲ." ಹಾಳೆಗಳನ್ನು ತೆಗೆದು ನನ್ನ ಮಡಿಲಿಗಿಟ್ಟರು. "ಬರೆದ ಹಾಗೇ ಇರಲಿ."

"ಜೇಠು ಕೇಳ್ತಾರಲ್ಲ? ಓದೋರು ನೀವೇ ಅಲ್ವಾ?"

"ಹೂಂ. ನಾನೇ."

"ಆ ಸಾಲಿಗೆ ಬಂದಾಗ ಏನು ಓದ್ತೀರಿ?"

ಅವರು ನನ್ನ ಕೈ ಹಿಡಿದುಕೊಂಡರು. ಅವರ ಬೆರಳು ನನ್ನದಕ್ಕಿಂತ ತಣ್ಣಗಿತ್ತು.