ದಿಬ್ಬದ ಮೇಲಿನ ಕಂಬಳಿ

“ಇವತ್ತು ಗಾಳಿ ಯಾವ ಕಡೆಯಿಂದ?”

ಹಿತ್ತಲ ಬಾಗಿಲಲ್ಲಿ ನಿಂತು ನೊರೀನ್ ಟಬೋನ್ ಜೋರಾಗಿಯೇ ಕೇಳಿದಳು. ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಯಾರಾದರೂ ಹೇಳಲಿ ಎಂದು ಅವಳು ಕೇಳಿದ್ದೂ ಅಲ್ಲ. ನಲವತ್ತೆರಡು ವರ್ಷದಿಂದ ರಗ್ಬಿ ಪಂದ್ಯದ ದಿನ ಬೆಳಗ್ಗೆ ಅವಳ ಬಾಯಿಂದ ಬರುವ ಮೊದಲ ಮಾತು ಅದು. ಊರ ಮೈದಾನವಾದ ಕೊರೆಲ್ಲಾ ಓವಲ್‌ನಲ್ಲಿ ಪಡುವಣ ಗಾಳಿ ಎದ್ದಿತೆಂದರೆ, ರೈಲು ಹಳಿಯ ಕಡೆಯ ಗೋಲ್ ಕಂಬಕ್ಕೆ ಒದ್ದ ಚೆಂಡು ಬೇಕರಿಯ ವಾಸನೆ ಹುಡುಕಿಕೊಂಡು ಹೊರಟ ಹಾಗೆ ಬಲಕ್ಕೆ ವಾಲುತ್ತದೆ. ಅದು ಗೊತ್ತಿಲ್ಲದೆ ಸೋತ ತಂಡಗಳೆಷ್ಟೋ.

ಒದ್ದೆ ಮಾಡಿದ ಬೆರಳನ್ನು ಮೇಲೆತ್ತಿ ಹಿಡಿದ ಮೇಲೆ ಅವಳಿಗೆ ನೆನಪಾಯಿತು. ಇವತ್ತಿನ ಪಂದ್ಯ ಓವಲ್‌ನಲ್ಲಿಲ್ಲ. ನಲವತ್ತು ನಿಮಿಷ ರೈಲಿನಲ್ಲಿ ಹೋಗಬೇಕಾದ ದೊಡ್ಡ ಸ್ಟೇಡಿಯಂನಲ್ಲಿ. ಆಕಾಶಕ್ಕೇ ತಡಿಕೆ ಕಟ್ಟಿದ ಹಾಗೆ ಸುತ್ತಲೂ ಕಟ್ಟಡ ಎದ್ದು ನಿಂತ ಆ ಜಾಗದಲ್ಲಿ ಗಾಳಿ ಯಾವ ಕಡೆಯಿಂದ ಬಂದರೇನು? ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡು ಒಳಗೆ ಹೋದಳು.

ಕೊರೆಲ್ಲಾ ಪೆಲಿಕನ್ಸ್ ಕ್ಲಬ್ಬಿನ ಅಧ್ಯಕ್ಷ ಗ್ರಾಂಟ್ ಪೆಲ್ಲೋ ನಿನ್ನೆ ಮನೆಗೆ ಬಂದು ಹೋಗಿದ್ದ. ಅವನು ಕೂಸಾಗಿದ್ದಾಗ ಪಂದ್ಯದುದ್ದಕ್ಕೂ ನಿದ್ದೆ ಹೊಡೆಯುತ್ತಿದ್ದದ್ದು ಮೈದಾನದ ಅಂಚಿನ ಹುಲ್ಲು ದಿಬ್ಬದಲ್ಲಿ, ನೊರೀನಳ ಕಂಬಳಿಯ ಮೇಲೆಯೇ. ಈಗ ಸೂಟು ಹಾಕಿ, ಕುರ್ಚಿಯ ತುದಿಯಲ್ಲಿ ಕೂತು ಮಾತು ಶುರು ಮಾಡಿದ್ದ.

“ಆಂಟಿ, ಆ ನಿಮ್ಮ ಕಂಬಳಿ ನಂಗೆ ಬೇಕು. ಸ್ಟೇಡಿಯಂ ಹೆಬ್ಬಾಗಿಲ ಹತ್ರ ಗಾಜಿನ ಪೆಟ್ಟಿಗೆ ಮಾಡಿಸಿದೀವಿ. ಅದರಲ್ಲಿ ತೂಗುಹಾಕಿ, ‘ಕೊರೆಲ್ಲಾ ದಿಬ್ಬ ಈಗ ಇಲ್ಲಿದೆ’ ಅಂತ ಬರೆಸ್ತೀವಿ.”

“ದಿಬ್ಬ ಎಲ್ಲಿಗೂ ಹೋಗಿಲ್ವಲ್ಲೋ. ಮೊನ್ನೆ ತಾನೆ ಹತ್ತಿ ಇಳಿದೆ. ಮಂಡಿ ಇನ್ನೂ ಬೈತಾ ಇದೆ.”

“ಅದಕ್ಕೇ ಹೇಳೋದು! ಅಲ್ಲಿ ಲಿಫ್ಟ್ ಇದೆ, ಮೆತ್ತನೆ ಸೀಟಿದೆ. ನಮ್ಮ ಓವಲ್‌ನಲ್ಲಿ ಏನಿದೆ? ಹೆಂಗಸರಿಗೆ ಮೂರೇ ಮೂರು ಟಾಯ್ಲೆಟ್ಟು.”

“ಎರಡು. ಒಂದರ ಚಿಲಕ ಹೋಗಿ ಎಂಟು ವರ್ಷ ಆಯ್ತು.”

ಗ್ರಾಂಟ್ ನಕ್ಕು, ದನಿ ತಗ್ಗಿಸಿದ್ದ. “ಗುರುವಾರ ಸದಸ್ಯರ ಸಭೆ. ತವರಿನ ಪಂದ್ಯ ಎಲ್ಲಾ ಸ್ಟೇಡಿಯಂಗೆ ಹೋಗಬೇಕಾ, ಓವಲ್‌ನಲ್ಲೇ ಇರಬೇಕಾ ಅಂತ ಕೈ ಎತ್ತಿ ತೀರ್ಮಾನ. ದಿಬ್ಬದ ಜನ ನಿಮ್ಮ ಮುಖ ನೋಡ್ತಾರೆ ಆಂಟಿ. ನಿಮ್ಮ ಕಂಬಳಿ ಅಲ್ಲಿಗೆ ಬಂತು ಅಂದ್ರೆ ಎಲ್ಲರೂ ಬಂದ ಹಾಗೇ.”

“ಮೊದಲು ಅಲ್ಲೊಂದು ಪಂದ್ಯ ಆಗಲಿ. ಆಮೇಲೆ ಹೇಳ್ತೀನಿ,” ಅಂದಿದ್ದಳು ನೊರೀನ್. ಮೊಂಡುತನದಿಂದ ಹೇಳಿದ ಮಾತಲ್ಲ ಅದು. ಆ ಮೆತ್ತನೆ ಸೀಟು ಅವಳ ಮನಸ್ಸಿನಲ್ಲಿ ಒಂದು ಗಳಿಗೆ ಕೂತು ಎದ್ದಿತ್ತು.

ಆರು ವರ್ಷದ ಹಿಂದೆ ಅವಳ ಎರಡೂ ಕಣ್ಣಿನ ನೋಟದ ನಡುಭಾಗ ಮಬ್ಬಾಯಿತು. ಅಂಚಿನಲ್ಲಿ ಒಂದಿಷ್ಟು ಬಣ್ಣ, ಒಂದಿಷ್ಟು ಓಡಾಟ ಉಳಿಯಿತು ಅಷ್ಟೆ. ಮನೆಯವರೆಲ್ಲ, ಇನ್ನು ರೇಡಿಯೋ ಕೇಳಿಕೊಂಡಿರು ಎಂದರು. ನೊರೀನ್ ಕಂಬಳಿ ಬಗಲಿಗಿಟ್ಟುಕೊಂಡು ಓವಲ್‌ಗೆ ಹೋದಳು. ಅವಳ ಜಾಗ ದಿಬ್ಬದ ಬುಡದಲ್ಲಿ, ಬೇಲಿಗೆ ತಾಗಿದ ಹಾಗೆ. ಅಲ್ಲಿ ಕೂತರೆ ಬೂಟಿನ ಮೊಳೆ ಹುಲ್ಲು ಕೀಳುವ ಸದ್ದು ಕೇಳುತ್ತದೆ. ನಾಯಕ ಎಡಕ್ಕೆ ಕೂಗಿದ್ದು, ಎದೆಗೆ ಹೆಗಲು ಬಡಿದದ್ದು, ಬಿದ್ದವನು ಉಸಿರು ಬಿಟ್ಟದ್ದು ಎಲ್ಲ ಕೇಳುತ್ತದೆ. ಬಲ ಮಗ್ಗುಲಲ್ಲಿ ವಿಲಿಯಾಮಿ ಕೂತು ಉಳಿದದ್ದನ್ನು ಹೇಳುತ್ತಾನೆ. ಅವನು ಟೋಂಗಾ ದ್ವೀಪದವನು. ವಾರದ ದಿನ ಬಸ್ಸು ಓಡಿಸುತ್ತಾನೆ, ಭಾನುವಾರ ಬೆಳಗ್ಗೆ ಚರ್ಚಿನಲ್ಲಿ ಕೀರ್ತನೆ ಓದುತ್ತಾನೆ. ಅದೇ ತಗ್ಗಿದ ದನಿಯಲ್ಲಿ, ಅದೇ ಏರಿಳಿತದಲ್ಲಿ, ಮಧ್ಯಾಹ್ನ ಆಟ ಓದುತ್ತಾನೆ. ‘ಚೆಂಡು ಹಿಂದಕ್ಕೆ ಬಂತು, ಕೈಯಿಂದ ಕೈಗೆ ಹೋಯಿತು, ಅಂಚಿನಲ್ಲಿ ನಿಂತ ಹುಡುಗ ಓಡಿದ, ಓಡಿದವನ ಕಾಲು ಹಿಡಿದರು.’ ಸುಳ್ಳು ಮಾತ್ರ ಹೇಳುವುದಿಲ್ಲ. ದಿಬ್ಬದ ಮೇಲೆ ರೆಫರಿಯ ತೀರ್ಪು ಸರಿ ಎಂದು ಒಪ್ಪುವ ಒಬ್ಬನೇ ಒಬ್ಬ ಮನುಷ್ಯ ಅವನು. ಅದಕ್ಕೆ ಎಲ್ಲರೂ ಅವನನ್ನು ಬೈಯುತ್ತಾರೆ, ಮತ್ತೆ ಅವನನ್ನೇ ಕೇಳುತ್ತಾರೆ.

ಹೀಗೆ ಅವಳಿಗೆ ಆಟ ಉಳಿದಿತ್ತು. ಗುರುವಾರ ಜನ ಸ್ಟೇಡಿಯಂಗೇ ಹೋಗೋಣ ಎಂದು ಕೈ ಎತ್ತಿದರೆ ಉಳಿಯುತ್ತದೋ ಇಲ್ಲವೋ, ಅದನ್ನೇ ತಿಳಿಯಲು ಅವಳು ಹೊರಟದ್ದು.

ರೈಲು ತುಂಬ ದಿಬ್ಬದ ಜನವೇ ಇದ್ದರು. ಎಲ್ಲರ ಬಗಲಲ್ಲೂ ಕಂಬಳಿ.

ವಿಲಿಯಾಮಿ ಮೆಲ್ಲಗೆ ಹೇಳಿದ, “ಸೀಟಿಗೆ ನಂಬರ್ ಇದೆ ನೊರೀನ್. ಟಿಕೇಟಲ್ಲೇ ಬರೆದಿದೆ. ಕಂಬಳಿ ಯಾಕೆ?”

“ನೀನ್ಯಾಕೆ ತಂದಿದೀಯ?”

ಅವನು ತನ್ನ ಮಡಿಲಲ್ಲಿದ್ದ ಚಾಪೆಯನ್ನು ನೋಡಿಕೊಂಡ. “ಕೈಗೆ ಬಂತು, ತಂದೆ.”

ಓವಲ್‌ನಲ್ಲಿ ಪಂದ್ಯದ ದಿನ ಬೆಳಗ್ಗೆ ಆರಕ್ಕೆ ಗೇಟು ತೆಗೆಯುತ್ತಾರೆ. ಜನ ಬಂದು ತಮ್ಮ ಜಾಗದಲ್ಲಿ ಕಂಬಳಿ ಹಾಸಿ ಮನೆಗೋ ಚರ್ಚಿಗೋ ಹೋಗುತ್ತಾರೆ. ಆಮೇಲೆ ಆ ಕಂಬಳಿಯನ್ನು ಯಾರೂ ಮುಟ್ಟುವುದಿಲ್ಲ. ಒಡೆಯ ಬರಲೇ ಇಲ್ಲ, ದಿಬ್ಬ ಕಿಕ್ಕಿರಿದಿದೆ ಅನ್ನಿ, ಆಗಲೂ ಆ ಜಾಗ ಖಾಲಿಯೇ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆಯದೆ ಇದ್ದದ್ದಕ್ಕೇ ಇಷ್ಟು ವರ್ಷ ನಡೆದಿದೆ.

ಸ್ಟೇಡಿಯಂ ನೊರೀನಳನ್ನು ಚೆನ್ನಾಗಿಯೇ ಬರಮಾಡಿಕೊಂಡಿತು. ಲಿಫ್ಟು ಉಸಿರೆತ್ತದೆ ಮೇಲೆ ಹೋಯಿತು. ಸೀಟು ನಿಜಕ್ಕೂ ಮೆತ್ತಗಿತ್ತು. ಟಾಯ್ಲೆಟ್ಟಿಗೆ ಹೋದವಳು ಹಿಂದಿರುಗಿ ಬಂದದ್ದು ಐದೇ ನಿಮಿಷದಲ್ಲಿ.

“ಸಾಲೇ ಇಲ್ಲ ಕಣೋ! ಬಿಸಿ ನೀರು ಬರತ್ತೆ! ಇಪ್ಪತ್ತು ಬಾಗಿಲು ತಡವಿ ಲೆಕ್ಕ ಹಾಕಿದೆ, ಎಲ್ಲದಕ್ಕೂ ಚಿಲಕ ಇದೆ!”

“ದೇವರಿಗೆ ಸ್ತೋತ್ರ,” ಅಂದ ವಿಲಿಯಾಮಿ.

ಪಂದ್ಯಕ್ಕೆ ಇನ್ನೂ ಒಂದು ಗಂಟೆ ಇತ್ತು. ನಲವತ್ತೊಂದು ಮನೆಯವರು ನಲವತ್ತೊಂದು ಕಂಬಳಿಗಳನ್ನು ನಂಬರು ಬರೆದ ಸೀಟುಗಳ ಮೇಲೆ ಹಾಸಿದರು, ಅಂಚು ಎಳೆದು ಸರಿಮಾಡಿದರು, ಮತ್ತು ನಿಶ್ಚಿಂತೆಯಾಗಿ ಮಾಂಸದ ಪೈ ತಿನ್ನಲು ಕೆಳಗೆ ಹೋದರು.

ವಾಪಸು ಬಂದಾಗ ಸೀಟುಗಳೆಲ್ಲ ಬೋಳು ಬೋಳು.

“ಕದ್ದಿದಾರೆ!” ಎಂದು ಯಾರೋ ಕಿರುಚಿದರು. ಕದ್ದಿರಲಿಲ್ಲ. ವಾರಸುದಾರರಿಲ್ಲದ ಸಾಮಾನು ಕಂಡರೆ ಎತ್ತಿಡಬೇಕೆಂಬುದು ಅಲ್ಲಿನ ಕಾವಲುಗಾರರ ನಿಯಮ. ಎತ್ತಿಟ್ಟಿದ್ದರು. ನೆಲಮಾಳಿಗೆಯಲ್ಲಿ, ಕಳೆದುಹೋದ ವಸ್ತುಗಳ ಕೌಂಟರಿನ ಹಿಂದೆ, ಕಂಬಳಿಗಳ ರಾಶಿ ಮನುಷ್ಯನೆತ್ತರಕ್ಕೆ ಬಿದ್ದಿತ್ತು. ಅದರ ಮುಂದೆ ಮಿಲೋಶ್ ಎಂಬ ಅಧಿಕಾರಿ ಫಾರಂ ಹಿಡಿದು ನಿಂತಿದ್ದ. ಸಭ್ಯ ಮನುಷ್ಯ. ಬೆವರುತ್ತಿದ್ದ.

“ಒಬ್ಬೊಬ್ಬರಾಗಿ ಬನ್ನಿ. ನಿಮ್ಮದೇ ಅನ್ನೋದಕ್ಕೆ ಗುರುತು ಹೇಳ್ಬೇಕು. ಬಣ್ಣ ಯಾವುದು?”

“ನೀಲಿ, ಬಿಳಿ,” ಎಂದರು ನಲವತ್ತೊಂದು ಮನೆಯವರೂ. ಅದು ಪೆಲಿಕನ್ಸ್ ಬಣ್ಣ.

ಮಿಲೋಶ್ ಪೆನ್ನನ್ನು ಕೆಳಗಿಟ್ಟ. ಮೇಲೆ ಎಲ್ಲೋ ಶೀಟಿ ಕೇಳಿತು, ಐವತ್ತು ಸಾವಿರ ಜನ ಕೂಗಿದ್ದು ಕಾಂಕ್ರೀಟಿನೊಳಗಿಂದ ಹೊಟ್ಟೆ ಗುಡುಗಿದ ಹಾಗೆ ಬಂತು. ಪಂದ್ಯ ಶುರುವಾಗಿತ್ತು. ಒಬ್ಬರೂ ಕದಲಲಿಲ್ಲ. ಕಂಬಳಿ ಬಿಟ್ಟು ಹೋಗುವುದೆಂತು?

“ಸರೀರಿ ಸ್ವಲ್ಪ,” ಎಂದಳು ನೊರೀನ್. ಕೌಂಟರಿನ ಹಲಗೆ ಎತ್ತಿ ಒಳಗೆ ನಡೆದಳು. ದಿಬ್ಬ ಹತ್ತಿ ಇಳಿಯುವಾಗ ಅವಳು ದಾರಿ ತಿಳಿಯುತ್ತಿದ್ದದ್ದು ಕಾಲಡಿಯ ಕಂಬಳಿಗಳ ಅಂಚಿನಿಂದ. ಎಡವಿದಾಗ ಕೈಯೂರುತ್ತಿದ್ದದ್ದೂ ಅವುಗಳ ಮೇಲೆಯೇ. ಮೊದಲನೆಯದನ್ನು ಎತ್ತಿ ಬೆರಳಾಡಿಸಿದಳು.

“ಮೂಲೇಲಿ ಸಿಗರೇಟು ಸುಟ್ಟ ತೂತು. ಡಾನೆಲಿ ಮನೇದು. ಏಯ್ ಡಾನೆಲಿ, ಬಿಟ್ಟೆ ಅಂದಿದ್ಯಲ್ಲೋ, ಈ ತೂತು ಹೊಸದು!”

“ಹೆಂಡ್ತಿ ಇಲ್ಲೇ ಇದಾಳೆ ನೊರೀನ್!”

“ಅದಕ್ಕೇ ಹೇಳಿದ್ದು. ಮುಂದಿನದು ಕಂಬಳಿನೇ ಅಲ್ಲ, ಪರದೆ. ಕೊಂಡಿ ಹಾಗೇ ಇದೆ. ಪಾಪಸ್ ಅಕ್ಕತಂಗೀರದ್ದು. ಇದು... ಉಫ್. ನಾಯಿ. ಒದ್ದೆ ನಾಯಿ. ಯಾರದ್ದು ಅಂತ ನಾನು ಹೇಳ್ಬೇಕಾ?”

“ಬೇಡ!” ಎಂದು ಎಲ್ಲರೂ ಒಟ್ಟಿಗೆ ಕೂಗಿ, ಒಬ್ಬನನ್ನು ಮುಂದೆ ತಳ್ಳಿದರು.

ಸಾಸ್ ಒಣಗಿ ಗಟ್ಟಿಯಾದ ಮೂಲೆ, ಕರೆಂಟು ಹೋದ ಸಂಜೆಯ ಮೇಣದ ಹನಿ, ಅರ್ಧ ಜಿಪ್ಪಿನ ಮಲಗುವ ಚೀಲ. ಒಂದೊಂದು ಎತ್ತಿದಾಗಲೂ ಒಂದು ನಗೆ, ಒಂದು ಹಳೇ ಜಗಳ, ಒಂದು ಗೆದ್ದ ಪಂದ್ಯದ ನೆನಪು. ಯಾರೋ ನೊರೀನ್ ತಂದಿದ್ದ ಪಾಸ್ಟಿಜ್ಜಿ ಡಬ್ಬ ತೆರೆದರು. ಅವಳ ಮಾಲ್ಟಾದ ಅತ್ತೆ ಕಲಿಸಿದ ಚೀಸ್ ತುಂಬಿದ ಪದರು ಕಡುಬು ಅದು. ಡಬ್ಬ ಕೈಯಿಂದ ಕೈಗೆ ಹೋಯಿತು. ಮಿಲೋಶ್ ಮೊದಲು ಗುರುತಿನ ವಿವರವನ್ನೆಲ್ಲ ಬರೆಯುತ್ತಿದ್ದವನು, ಹತ್ತನೆಯ ಕಂಬಳಿಯ ಹೊತ್ತಿಗೆ ‘ನೊರೀನ್ ಹೇಳಿದ್ದಾರೆ’ ಎಂದಷ್ಟೇ ಬರೆಯತೊಡಗಿದ. ಇಪ್ಪತ್ತನೆಯದಕ್ಕೆ ಅವನ ಬಾಯಲ್ಲೂ ಒಂದು ಪಾಸ್ಟಿಜ್ಜಿ ಇತ್ತು.

“ನಿಮ್ಮ ಆ ದಿಬ್ಬ... ಹೊರಗಿನವರು ಬರಬಹುದಾ?” ಎಂದು ಕೇಳಿದ.

“ಬೆಳಗ್ಗೆ ಆರಕ್ಕೆ. ಹಾಸೋಕೆ ಏನಾದ್ರೂ ತಗೊಂಬನ್ನಿ.”

“ಬರೀ ಬೆಡ್‌ಶೀಟ್ ಆದ್ರೆ?”

“ನಡಿಯತ್ತೆ. ನಗ್ತಾರೆ, ಆದ್ರೆ ನಡಿಯತ್ತೆ.”

ನಲವತ್ತು ಮನೆಗೆ ನಲವತ್ತು ಕಂಬಳಿ ಸೇರಿದವು. ನೆಲ ತಡವಿದರೆ ನೊರೀನಳ ಕೈಗೆ ತಣ್ಣನೆಯ ಸಿಮೆಂಟು ಸಿಕ್ಕಿತು.

“ನಂದು?”

ಮಿಲೋಶ್ ಪುಸ್ತಕ ತಿರುಗಿಸಿದ. “ಹೆಣೆದ ಚೌಕಗಳ ಕಂಬಳಿ, ಒಂದು. ಕ್ಲಬ್ಬಿನ ಅಧ್ಯಕ್ಷರು ತಗೊಂಡು ಹೋಗಿದಾರೆ. ಅಳತೆ ನೋಡೋಕೆ ಅಂತ ಬರೆದಿದೆ.”

ನೊರೀನ್ ನೆಟ್ಟಗೆ ನಿಂತು, ಸ್ಕರ್ಟಿನ ಧೂಳು ಕೊಡವಿಕೊಂಡಳು. “ಇರಲಿ. ಆಟ ಮುಗೀಲಿ. ಅಷ್ಟು ದೂರ ಬಂದಿದೀವಿ.”

ಅರ್ಧ ಆಟ ಮುಗಿದಿತ್ತು. ಉಳಿದರ್ಧಕ್ಕೆ ಅವಳು ಮೆತ್ತನೆ ಸೀಟಿನಲ್ಲಿ ಕೂತು, ಕಿವಿಯನ್ನು ಕೆಳಗೆ ಇಳಿಬಿಟ್ಟಳು. ಎಷ್ಟು ಇಳಿಬಿಟ್ಟರೂ ಅದು ಹುಲ್ಲನ್ನು ಮುಟ್ಟಲಿಲ್ಲ. ಆಟ ಒಂದು ಗಳಿಗೆ ನಿಂತರೆ ಸಾಕು, ಸ್ಪೀಕರುಗಳಿಂದ ಹಾಡು ಉರುಳಿ ಬೀಳುತ್ತಿತ್ತು. ಅದು ನಿಲ್ಲುವಷ್ಟರಲ್ಲಿ ಚಪ್ಪಾಳೆ ತಟ್ಟಿ ಎಂದು ಒಬ್ಬ ಅರಚುತ್ತಿದ್ದ.

“ಏನಾಯ್ತು?” ಎಂದಳು.

ವಿಲಿಯಾಮಿಯ ತುಟಿ ಅಲ್ಲಾಡಿದ್ದು ಕೆನ್ನೆಗೆ ತಿಳಿಯಿತು, ಮಾತು ತಿಳಿಯಲಿಲ್ಲ.

“ಜೋರಾಗಿ ಹೇಳೋ!”

ಇಪ್ಪತ್ತು ವರ್ಷದಲ್ಲಿ ದನಿ ಎತ್ತದವನು ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದ. ಅದೇ ಗಳಿಗೆಗೆ ಹಾಡು ನಿಂತಿತು.

“ತಪ್ಪು ನಮ್ಮವನದೇ! ರೆಫರಿ ಹೇಳಿದ್ದು ಸರಿ!”

ಆ ಮಾತು ಇಡೀ ಸ್ಟ್ಯಾಂಡಿನ ಉದ್ದಕ್ಕೂ ಹಾದುಹೋಯಿತು. ಐದು ಸಾವಿರ ತಲೆಗಳು ತಿರುಗಿದವು. ಎದುರು ತಂಡದ ಅಭಿಮಾನಿಗಳು ಎದ್ದು ಚಪ್ಪಾಳೆ ಹೊಡೆದರು. ವಿಲಿಯಾಮಿ ಚಾಪೆಯನ್ನು ಮುಖದ ಮೇಲೆಳೆದುಕೊಂಡ. ನೊರೀನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗೆಯ ನಡುವೆ ಏನೋ ದೊಡ್ಡದು ನಡೆದುಹೋಯಿತು. ಸುತ್ತಲಿನವರೆಲ್ಲ ಎದ್ದು ಕುಣಿದರು. ಅವಳು ಕೂತೇ ಇದ್ದಳು. ಪೆಲಿಕನ್ಸ್ ಎರಡು ಅಂಕದಿಂದ ಗೆದ್ದರೆಂದು ಅವಳಿಗೆ ಗೊತ್ತಾದದ್ದು ಸ್ಪೀಕರು ಹೇಳಿದ ಮೇಲೆ.

ತನ್ನ ತಂಡ ಗೆದ್ದದ್ದನ್ನು ಅವಳು ಹೀಗೆ ಎಲ್ಲರಿಗಿಂತ ಕೊನೆಗೆ ತಿಳಿದದ್ದು ಇದೇ ಮೊದಲು.

ಕೆಳಗೆ ಹೆಬ್ಬಾಗಿಲಲ್ಲಿ ಗ್ರಾಂಟ್ ಕಾಯುತ್ತಿದ್ದ. ಗೆದ್ದ ಖುಷಿಯಲ್ಲಿ ಅವನ ದನಿ ಚಿಕ್ಕ ಹುಡುಗನ ದನಿಯಾಗಿತ್ತು.

“ಆಂಟಿ! ಹೇಗಿತ್ತು?”

“ಟಾಯ್ಲೆಟ್ಟು ಅರಮನೆ ಕಣೋ. ಸುಳ್ಳು ಹೇಳಲ್ಲ. ಕಂಬಳಿ ಎಲ್ಲಿ?”

“ಸಿಕ್ಕಿದ್ದು ಒಳ್ಳೇದೇ ಆಯ್ತು ಅಂತ ಪೆಟ್ಟಿಗೇಲಿ ಹಾಕಿ ನೋಡಿದೆ. ಅಳತೆ ಕರೆಕ್ಟಾಗಿದೆ! ಬನ್ನಿ, ಬನ್ನಿ.” ಅವಳ ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿದ. “ಇಲ್ಲೇ ಇದೆ. ದೀಪ ಬೇರೆ ಹಾಕಿಸಿದೀನಿ. ಎಷ್ಟು ಚೆನ್ನಾಗಿ ಕಾಣ್ತಿದೆ ಗೊತ್ತಾ?”

ನೊರೀನ್ ಅಂಗೈ ಚಾಚಿದಳು. ಅತ್ತೆ ಹೆಣೆದ ಗಂಟುಗಳಿಲ್ಲ, ಗಂಡ ಸಲ್ವು ಬಿಯರ್ ಚೆಲ್ಲಿದ ಬಿರುಸಿಲ್ಲ, ಈ ಗ್ರಾಂಟನೇ ಹಲ್ಲು ಬರುವಾಗ ಕಚ್ಚಿ ಕಚ್ಚಿ ಎಳೆ ಬಿಡಿಸಿದ ಅಂಚಿಲ್ಲ. ನುಣ್ಣಗೆ, ತಣ್ಣಗೆ, ಗಾಜು. ಮೇಲಿನಿಂದ ಕೆಳಗಿನವರೆಗೆ ಸವರಿದಳು, ಅದೇ.

“ಎಲ್ಲಿದೆ?”

“ಇದರೊಳಗೇ ಆಂಟಿ.”

“ನನ್ನ ಕೈಗೆ ಸಿಗ್ತಿಲ್ವಲ್ಲೋ.”

ಅವಳ ಹಿಂದೆ ವಿಲಿಯಾಮಿ, ಅವನ ಹಿಂದೆ ಕಂಬಳಿ ಹೊತ್ತ ಉಳಿದ ಮನೆಯವರೆಲ್ಲ ಬಂದು ನಿಂತಿದ್ದರು.

“ಬೀಗ ತೆಗಿ,” ಎಂದಳು ನೊರೀನ್.

ಪುಟ್ಟ ಬೀಗದ ಕೈ ತಿರುಗಿತು. ಅವಳು ತೋಳು ಒಳಗೆ ಹಾಕಿ ಕಂಬಳಿಯನ್ನು ಕೊಕ್ಕೆಯಿಂದ ಬಿಡಿಸಿ, ಒಮ್ಮೆ ಕೊಡವಿ, ನಾಲ್ಕಾಗಿ ಮಡಿಸಿದಳು. ಮಡಿಸುವಾಗ ಹೆಬ್ಬೆರಳು ಆ ಬಿಚ್ಚಿದ ಎಳೆಯ ಮೇಲೆ ಒಂದು ಗಳಿಗೆ ನಿಂತಿತು.

“ಆಂಟಿ, ಗುರುವಾರದವರೆಗಾದ್ರೂ ಇರಲಿ,” ಎಂದ ಗ್ರಾಂಟ್. “ನಾಲ್ಕೇ ದಿನ. ನಾನು ಕೇಳ್ಕೋತಿದೀನಿ. ಕೊಡಿ.”

ನೊರೀನ್ ಕಂಬಳಿಯನ್ನು ಬಗಲಿಗಿಟ್ಟುಕೊಂಡಳು.

“ಇಲ್ಲ ಗ್ರಾಂಟ್. ಕೊಡಲ್ಲ.”