ದಾನೇಶ್ವರಿ ಓದಿದ ಪುಟ

ಜಯಮ್ಮನವರಿಗೆ ಪ್ರೇಮದ ಕಾದಂಬರಿಯೇ ಬೇಕು. ಅದರಲ್ಲಿ ಯುದ್ಧ ಇರಬೇಕು, ಯುದ್ಧ ಮುಗಿದ ಮೇಲೆ ಯಾರಾದರೂ ಹಡಗು ಹತ್ತಿ ಪರದೇಶಕ್ಕೆ ಹೋಗಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕು. ಇದಿಲ್ಲದ ಪುಸ್ತಕವನ್ನು ಅವರು ಇಪ್ಪತ್ತನೆಯ ಪುಟಕ್ಕೇ ಮುಚ್ಚಿಸಿಬಿಡುತ್ತಿದ್ದರು. ಧಾರವಾಡದ ಕಡೆಯವರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಗಂಡ ಹೈದರಾಬಾದಿನ ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದೆ ಮನೆ ಕಟ್ಟಿಸಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅರವತ್ತೆಂಟು ವಯಸ್ಸಾಗುವ ಹೊತ್ತಿಗೆ ಜಯಮ್ಮನವರಿಗೆ ಅಕ್ಷರ ಕಾಣುವುದು ನಿಂತಿತು. ಎದುರು ನಿಂತವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಪಾತ್ರೆ ತಿಕ್ಕಲು ಬರುತ್ತಿದ್ದ ದಾನೇಶ್ವರಿ ಪಿಯುಸಿ ಓದಿದವಳು ಎಂದು ಗೊತ್ತಾದ ದಿನವೇ ಅವಳ ಕೈಗೆ ಪುಸ್ತಕ ಬಂತು. ಪಾತ್ರೆ ಮುಗಿದ ಮೇಲೆ ಮಧ್ಯಾಹ್ನ ಎರಡು ತಾಸು ಗಟ್ಟಿಯಾಗಿ ಓದಬೇಕು. ದಾನೇಶ್ವರಿಗೆ ಇಪ್ಪತ್ತಾರು ವರ್ಷ. ಶಹಾಪುರ ತಾಲ್ಲೂಕಿನವಳು. ಸೋದರತ್ತೆ ಅನ್ನಮ್ಮನ ಮಗ ಮಲ್ಲುವನ್ನೇ ಮದುವೆಯಾಗಿ, ಅವರ ಜೊತೆ ಹೈದರಾಬಾದಿಗೆ ಬಂದು ರೈಲ್ವೆ ಗೇಟಿನಾಚೆ ತಗಡಿನ ಕೋಣೆಯೊಂದರಲ್ಲಿದ್ದಳು. ಮಲ್ಲು ಅಪಾರ್ಟ್‌ಮೆಂಟುಗಳ ಮೇಲೆ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಅನ್ನಮ್ಮ ಮೊಣಕಾಲು ಕೈಕೊಡುವ ತನಕ ಇಟ್ಟಿಗೆ ಹೊತ್ತಿದ್ದಳು.

ಆ ವರ್ಷ ಏಜೆಂಟನೊಬ್ಬ ಮಲ್ಲುವನ್ನೂ ಅವನ ಊರಿನ ಗೆಳೆಯ ಅಂಬಾದಾಸನನ್ನೂ ರಷ್ಯಾಕ್ಕೆ ಕಳಿಸಿದ. ಗೋದಾಮು ಕಾಯುವ ಕೆಲಸ, ಒಂದು ವರ್ಷ ಕಳೆದರೆ ಹೆಂಡತಿಯನ್ನೂ ಕರೆಸಿಕೊಳ್ಳಬಹುದು ಎಂದಿದ್ದ. ಅಲ್ಲಿ ಇಳಿದ ಮೂರನೆಯ ದಿನ ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ಇಬ್ಬರಿಗೂ ಸಿಪಾಯಿಗಳ ಬಟ್ಟೆ ಕೊಟ್ಟರು.

ಈ ಸುದ್ದಿ ಕೇಳಿ ಜಯಮ್ಮನವರು ಎದೆಯ ಮೇಲೆ ಕೈ ಇಟ್ಟುಕೊಂಡರು. ಅಂದಿನಿಂದ ಓದು ಶುರುವಾಗುವ ಮುಂಚೆ ಒಂದೇ ಪ್ರಶ್ನೆ. "ಮಲ್ಲೂಂದು ಏನಾರ ಬಂತೇನ?" ಬಂದಿದ್ದರೆ ದಾನೇಶ್ವರಿ ಅವನು ಫೋನಿಗೆ ಮಾತಾಡಿ ಕಳಿಸಿದ ಮೆಸೇಜು ಕೇಳಿಸಬೇಕಾಗಿತ್ತು.

"ದಾನಿ, ಬೂಟು ಬಿಗಿ ಆಗ್ಯಾವು. ಕಾಲ್ಬೆರಳು ಕಪ್ಪಗಾಗ್ಯಾವು. ಮ್ಯಾಲಿನ ಶೀಟು ಇನ್ನೂ ಸೋರತೈತೇನು? ಅವ್ವನ ಮೊಣಕಾಲಿಗಿ ಎಣ್ಣಿ ಹಚ್ಚು."

"ಇನ್ನೊಮ್ಮೆ ಕೇಳಸು," ಎನ್ನುತ್ತಿದ್ದರು ಜಯಮ್ಮನವರು. "ಹಿಂದ ಧಡ್ ಧಡ್ ಅಂತೈತಲ್ಲ, ಅದು ತೋಪಿನ ಸದ್ದೇನ?"

"ಗೊತ್ತಿಲ್ರಿ ಅಮ್ಮಾರ."

"ನಿನ್ನ ನೆನಪಾಗತೈತಿ ಅಂತ ಒಂದು ಮಾತೂ ಇಲ್ಲಲ್ಲೇ. ಸುಮಂತನ್ನ ನೋಡು, ಗುಂಡಿನ ನಡುವ ಕುಂತು ಹೆಂಡ್ತಿ ಮುಡಿಯ ವಾಸನಿ ಬರೀತಾನ."

"ಇಂವಗ ಅದೆಲ್ಲ ಬರಂಗಿಲ್ರಿ."

ಸುಮಂತ ಆಗ ಓದುತ್ತಿದ್ದ ಪುಸ್ತಕದ ನಾಯಕ. ಸುಲ್ತಾನ್ ಬಜಾರಿನ ಹಳೆ ಪುಸ್ತಕದ ಅಂಗಡಿಯಿಂದ ತರಿಸಿದ, ಹಸಿರು ರಟ್ಟಿನ ದಪ್ಪ ಕಾದಂಬರಿ. ಸುಮಂತ ಬರ್ಮಾದ ಯುದ್ಧಕ್ಕೆ ಹೋದ ಡಾಕ್ಟರು. ಸತ್ತನೆಂದು ಮನೆಗೆ ಕಾಗದ ಬರುತ್ತದೆ. ಆದರೆ ಸತ್ತವನು ಬೇರೆ ಯಾರೋ. ಸುಮಂತ ಪರದೇಶದ ಆಸ್ಪತ್ರೆಯೊಂದರಲ್ಲಿ ಕಣ್ಣು ಬಿಟ್ಟು, ನರ್ಸ್ ಲಿಡಿಯಾಳ ಕೈಹಿಡಿದು, ನದಿಯ ದಂಡೆಯ ಮೇಲೆ ಬ್ರೆಡ್ಡಿನ ಅಂಗಡಿ ಇಡುತ್ತಾನೆ. ಇಷ್ಟೆಲ್ಲ ಜಯಮ್ಮನವರಿಗೆ ರಟ್ಟಿನ ಹಿಂದಿನ ಸಾರಾಂಶ ಓದಿಸಿಕೊಂಡಾಗಲೇ ಗೊತ್ತಾಗಿತ್ತು.

ಮಲ್ಲುವಿನ ದನಿ ಬರುವುದು ನಿಂತು ಇಪ್ಪತ್ತು ದಿನಕ್ಕೆ ಅಂಬಾದಾಸನ ಫೋನು ಬಂತು. ಅವನು ಅಲ್ಲಿನ ಆಸ್ಪತ್ರೆಯಲ್ಲಿದ್ದ.

"ವೈನಿ, ಮೊದಲ ಕುಂದರು. ಡ್ರೋನ್ ಬಂತು. ನಾ ತಗ್ಗಿನಾಗ ಬಿದ್ದೆ. ಮಲ್ಲು ಬೂಟಿನ ಲಾಡಿ ಕಟ್ಟಾಕತ್ತಿದ್ದ. ನಾನ ಕಣ್ಣಾರ ಕಂಡೀನಿ. ಮುಖ ನೋಡೀನಿ."

ಪಕ್ಕದಲ್ಲಿ ಕುಳಿತಿದ್ದ ಅನ್ನಮ್ಮ ಫೋನಿನ ಕಡೆ ಬಾಗಿದಳು. "ಹತ್ತಿರ ಹೋಗಿ ಮುಟ್ಟಿ ನೋಡಿದೇನೋ?"

"ಹೋಗಾಕ ಬಿಡಲಿಲ್ಲ ದೊಡ್ಡವ್ವ. ಹತ್ತು ಮಾರು ದೂರ ಇದ್ದೆ."

"ಮುಟ್ಟಿಲ್ಲ," ಎಂದಳು ಅನ್ನಮ್ಮ. ಅವಳು ಹಿಡಿದುಕೊಂಡಿದ್ದು ಅದೊಂದೇ ಮಾತನ್ನು.

ಜಯಮ್ಮನವರು ದಾನೇಶ್ವರಿಯ ಕೈ ಹಿಡಿದು ನಿಜವಾಗಿಯೂ ಅತ್ತರು. ಅತ್ತು ಮುಗಿದ ಮೇಲೆ ಕೇಳಿದರು. "ಹೆಣ ಯಾರೂ ತಂದಿಲ್ಲಲ್ಲ? ಮತ್ತ ಸತ್ತಾನ ಅಂತ ಹೆಂಗ ಅಂತಿ? ನಿಮ್ಮ ಅತ್ತೀನ ಕರಕೊಂಡು ಬಾ."

ಅನ್ನಮ್ಮ ಬಂದಳು. ಜಯಮ್ಮನವರು ಅವಳಿಗೆ ಸುಮಂತನ ಕಥೆ ಹೇಳಿದರು. ಜನ್ಮದಲ್ಲಿ ಕಾದಂಬರಿಯನ್ನೇ ಕೇಳದಿದ್ದ ಅನ್ನಮ್ಮ ಮೊಣಕಾಲು ನೀಡಿಕೊಂಡು ನೆಲದ ಮೇಲೆ ಕುಳಿತು, ಬಾಯಿ ತೆರೆದು ಕೇಳಿದಳು. ಮರುದಿನವೂ ಬಂದಳು. ಆಮೇಲೆ ಅದೇ ರೂಢಿಯಾಯಿತು. ದಾನೇಶ್ವರಿ ಸ್ಟೂಲಿನ ಮೇಲೆ ಕುಳಿತು ಓದುವುದು, ಮುದುಕಿಯರಿಬ್ಬರು ಕೇಳುವುದು. ಲಿಡಿಯಾ ಸುಮಂತನ ಗಾಯ ತೊಳೆಯುವ ಭಾಗ ಬಂದಾಗ ಅನ್ನಮ್ಮ "ತಾಯಿ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಕಾಣದ ನರ್ಸಿಗೆ ಕೈಮುಗಿದಳು.

ಎರಡು ತಿಂಗಳ ಮೇಲೆ ದಿಲ್ಲಿಯ ವಿದೇಶಾಂಗ ಕಚೇರಿಯಿಂದ ಕರೆ ಬಂತು. ಹಿಂದಿಯಲ್ಲಿ ಒಬ್ಬ ಹೆಣ್ಣುಮಗಳು ಮೆಲ್ಲಗೆ ಹೇಳಿದಳು: ರಷ್ಯಾದಲ್ಲಿ ಕೆಲವು ದೇಹಗಳಿವೆ, ಗುರುತು ಹಿಡಿಯಲು ತಾಯಿಯ ರಕ್ತ ಬೇಕು, ಹೈದರಾಬಾದಿನಲ್ಲೇ ಕೊಡಬಹುದು.

"ರಕ್ತ ಕೊಟ್ರ ಅಂವ ಸತ್ತಾನಂತ ನಾನ ಒಪ್ಪಿದಂಗ," ಎಂದಳು ಅನ್ನಮ್ಮ. "ಕೊಡಂಗಿಲ್ಲ."

ದಾನೇಶ್ವರಿ ಜಯಮ್ಮನವರ ಮೊರೆಹೊಕ್ಕಳು. "ನೀವ ಒಂದು ಮಾತು ಹೇಳ್ರಿ ಅಮ್ಮಾರ. ನಿಮ್ಮ ಮಾತು ಕೇಳತಾಳ."

"ಆಕಿ ತಾಯಿ ಐದಾಳ. ತಾಯಿ ಕರುಳಿಗೆ ಗೊತ್ತಿರತೈತಿ," ಎಂದರು ಜಯಮ್ಮನವರು. "ನೀ ಯಾಕ ಇಷ್ಟು ಅವಸರ ಮಾಡಾಕತ್ತಿ?"

ದಿಲ್ಲಿಯಿಂದ ಮತ್ತೆರಡು ಸಲ ಕರೆ ಬಂತು. ಈ ತಿಂಗಳು ದಾಟಿದರೆ ಗುರುತು ಸಿಗದವರನ್ನು ಅಲ್ಲೇ ಮಣ್ಣು ಮಾಡುತ್ತಾರೆ ಎಂದು ಕೊನೆಯ ಸಲ ಹೇಳಿದರು. ದಾನೇಶ್ವರಿಯ ಕಣ್ಣ ಮುಂದೆ ಮಲ್ಲು ಕಬ್ಬಿಣದ ಕಪಾಟಿನಲ್ಲಿ, ಕಾಲ್ಬೆರಳಿಗೆ ಚೀಟಿ ಕಟ್ಟಿಸಿಕೊಂಡು ಮಲಗಿರುತ್ತಿದ್ದ. ಪಾತ್ರೆ ತಿಕ್ಕುವಾಗಲೂ ಅದೇ, ಓದುವಾಗಲೂ ಅದೇ. ಕಪ್ಪಾದ ಆ ಬೆರಳುಗಳನ್ನು ಒಮ್ಮೆ ತೊಳೆಯಬೇಕು ಎನ್ನುವುದನ್ನು ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಉಳಿದಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಪುಸ್ತಕ ತೆರೆದಳು. ಸುಮಂತನ ತಾಯಿಗೆ ಸಾವಿನ ಕಾಗದ ಬರುವ ಭಾಗ. ಒಂದು ಪುಟ ಇದ್ದಹಾಗೇ ಓದಿದಳು. ಹಾಳೆ ತಿರುವಿ, ಕಣ್ಣು ಅಕ್ಷರದ ಮೇಲೆಯೇ ಇಟ್ಟುಕೊಂಡು, ಅದೇ ದನಿಯಲ್ಲಿ, ಅಲ್ಲಿ ಇಲ್ಲದ್ದನ್ನು ಓದತೊಡಗಿದಳು.

"'ನನ್ನ ಮಗ ಸತ್ತಿಲ್ಲ, ಬೇಕಾದರೆ ನನ್ನ ರಕ್ತ ತೆಗೆದು ನೋಡಿ,' ಎಂದು ಆ ತಾಯಿ ಸೇನಾ ಆಸ್ಪತ್ರೆಯ ಮುಂದೆ ನಿಂತು ತೋಳು ಚಾಚಿದಳು. ವೈದ್ಯರು ರಕ್ತ ತೆಗೆದರು. ಹೆಣದ ರಕ್ತಕ್ಕೂ ಅವಳ ರಕ್ತಕ್ಕೂ ಹೊಂದಿಕೆಯಾಗಲಿಲ್ಲ. ಸೇನಾಧಿಕಾರಿ ಎದ್ದು ನಿಂತು, ತಾಯಿ, ನಿನ್ನ ಮಗ ಜೀವಂತ ಇದ್ದಾನೆ ಎಂದು ಕಾಗದ ಬರೆದುಕೊಟ್ಟ."

"ಆ ಕಾಲಕ್ಕ ಇದೆಲ್ಲ ಇತ್ತೇನ?" ಎಂದರು ಜಯಮ್ಮನವರು.

"ಲಂಡನ್ನಿಂದ ದೊಡ್ಡ ಡಾಕ್ಟರು ಬಂದಿದ್ದ ಅಂತ ಬರದಾರ್ರಿ."

ಅನ್ನಮ್ಮ ಗೋಡೆ ಹಿಡಿದು ಎದ್ದು ನಿಂತಿದ್ದಳು. "ಹೊಂದಲಿಲ್ಲಂದ್ರ ದಿಲ್ಲಿಯವರೂ ಹಿಂಗ ಬರದು ಕೊಡಬೇಕಾಗತೈತೇನ?"

"ಹೂಂ ಅತ್ತಿ. ಕೊಡಬೇಕಾಗತೈತಿ."

ಬೆಳಿಗ್ಗೆ ಅನ್ನಮ್ಮ ತಲೆಗೆ ಎರೆದುಕೊಂಡು, ದೀಪಾವಳಿಯ ಸೀರೆ ಉಟ್ಟು ಆಸ್ಪತ್ರೆಗೆ ಹೊರಟಳು. ಸೂಜಿ ಚುಚ್ಚಿದ ನರ್ಸಿಗೆ, ನನ್ನ ಮಗ ಬದುಕಿದ್ದಾನೆ, ಅದಕ್ಕೇ ಬಂದೆ ಎಂದು ತನಗೆ ಬಂದಷ್ಟು ತೆಲುಗಿನಲ್ಲಿ ನಗುನಗುತ್ತ ಹೇಳಿದಳು.

ಫಲಿತಾಂಶ ಬರಲು ನಲವತ್ತು ದಿನ ಹಿಡಿಯಿತು. ಆ ನಲವತ್ತು ದಿನ ಅನ್ನಮ್ಮನಷ್ಟು ಸುಖವಾಗಿದ್ದವರು ಆ ಗಲ್ಲಿಯಲ್ಲಿ ಇನ್ನೊಬ್ಬರಿರಲಿಲ್ಲ. ನೀರಿನ ಟ್ಯಾಂಕರಿನ ಹತ್ತಿರ ನಿಂತು ಎಲ್ಲರಿಗೂ ಹೇಳಿದಳು. ಮೊಣಕಾಲಿನ ನೋವು ಮರೆತು ರೊಟ್ಟಿ ಬಡಿದಳು. "ಅಲ್ಲಿ ಯಾವಾಕಿನರ ಅಂವನ್ನ ನೋಡ್ಕೊಳ್ಳಾಕತ್ತಿದ್ರ ನೀ ಸಿಟ್ಟಾಗಬ್ಯಾಡ ದಾನಿ," ಎಂದು ಸೊಸೆಯ ತಲೆ ಬಾಚುತ್ತ ಸಮಾಧಾನ ಹೇಳಿದಳು. "ಇಬ್ರೂ ಇರ್ರಿ. ಜೀವ ಒಂದು ಉಳೀಲಿ." ದಾನೇಶ್ವರಿ ತಲೆ ತಗ್ಗಿಸಿ ಕುಳಿತಿರುತ್ತಿದ್ದಳು. ಹೇಳಿಬಿಡಬೇಕೆಂದು ದಿನವೂ ಬಾಯಿ ತೆರೆದಳು. ಒಂದು ದಿನವೂ ಹೇಳಲಿಲ್ಲ.

ರಕ್ತ ಹೊಂದಿತು.

ಫೋನಿಗೆ ಬಂದ ಕಾಗದವನ್ನು ದಾನೇಶ್ವರಿಯೇ ಓದಿ ಹೇಳಿದಳು. ಅನ್ನಮ್ಮ ಕೇಳಿ, ಸೂಜಿ ಚುಚ್ಚಿದ ತೋಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದು ಕುಳಿತಳು. ಸಂಜೆಯವರೆಗೂ ಕೈ ತೆಗೆಯಲಿಲ್ಲ.

ಪೆಟ್ಟಿಗೆ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಬಂತು. ಮುಚ್ಚಳಕ್ಕೆ ಮುದ್ರೆ ಹಾಕಿದ್ದರು. ತೆಗೆಯಬೇಡಿ, ನೋಡುವ ಸ್ಥಿತಿಯಲ್ಲಿ ಇಲ್ಲ ಎಂದರು. ಹಾಗಾಗಿ ಕಾಲು ತೊಳೆಯುವುದಾಗಲಿಲ್ಲ. ಊರಿಗೆ ಒಯ್ದು ಹಳ್ಳದ ಹತ್ತಿರ ಮಣ್ಣು ಮಾಡಿದರು. ಅನ್ನಮ್ಮ ಹಿಡಿ ಮಣ್ಣು ಹಾಕಿ "ಮಲ್ಯಾ, ಮಲ್ಯಾ" ಎಂದು ಗಂಟಲು ಹರಿಯುವಂತೆ ಕೂಗಿದಳು. ದಾನೇಶ್ವರಿಗೂ ಅಂದೇ ಅಳು ಬಂದದ್ದು. ಊರಿನಲ್ಲಿದ್ದ ಮೂರು ವಾರ ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಂಡರು. ಒಬ್ಬರು ಬಿಕ್ಕಿದರೆ ಇನ್ನೊಬ್ಬರು ಬೆನ್ನು ಸವರುತ್ತಿದ್ದರು. ಸತ್ತವನು ಸತ್ತ, ನಾವಿಬ್ಬರಾದರೂ ಉಳಿದೆವು ಎಂದು ದಾನೇಶ್ವರಿಗೆ ಅನ್ನಿಸತೊಡಗಿತ್ತು.

ಆ ಮೂರು ವಾರ ಜಯಮ್ಮನವರಿಗೆ ಓದುವವರಿರಲಿಲ್ಲ. ಪಕ್ಕದ ಬೀದಿಯ ವರ್ಷಾ ಎಂಬ ಡಿಗ್ರಿ ಓದುವ ಹುಡುಗಿಯನ್ನು ಗೊತ್ತು ಮಾಡಿಕೊಂಡರು. ಹಸಿರು ಪುಸ್ತಕ ಅರ್ಧಕ್ಕೆ ನಿಂತಿತ್ತಲ್ಲ, ಮೊದಲಿನಿಂದ ಓದು ಎಂದರು. ರಕ್ತದ ಪುಟ ಬರಲಿಲ್ಲ. ಎರಡು ಸಲ ಹುಡುಕಿಸಿದರು. ಪಾತ್ರೆಯವಳೊಬ್ಬಳು ತಮ್ಮ ಕುರುಡುಗಣ್ಣಿನ ಮುಂದೆ ಕುಳಿತು ತನಗೆ ತೋಚಿದ್ದನ್ನು ಓದಿ ಹೋಗಿದ್ದಳು. ಜಯಮ್ಮನವರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

ಅತ್ತೆ ಸೊಸೆ ಹೈದರಾಬಾದಿಗೆ ಮರಳಿದ ಮರುದಿನವೇ ಇಬ್ಬರನ್ನೂ ಕರೆಸಿದರು.

"ವರ್ಷಾ, ಆ ಕಾಗದ ಬರೋ ಜಾಗಾ ಓದಮ್ಮ."

ವರ್ಷಾ ಓದಿದಳು. ಕಾಗದ ಬರುತ್ತದೆ, ತಾಯಿ ಅನ್ನ ಬಿಡುತ್ತಾಳೆ, ತುಳಸಿಯ ಮುಂದೆ ಬೀಳುತ್ತಾಳೆ. ಅಷ್ಟೇ.

"ರಕ್ತದ್ದು ಯಾವಾಗ ಬರತೈತಿ?" ಎಂದಳು ಅನ್ನಮ್ಮ.

"ಅಂಥದ್ದು ಇದರಲ್ಲಿ ಎಲ್ಲೂ ಇಲ್ಲ ಅಜ್ಜಿ."

ಅನ್ನಮ್ಮ ಸೊಸೆಯ ಕಡೆ ತಿರುಗಿದಳು. ದಾನೇಶ್ವರಿ ತಪ್ಪಿಸಿಕೊಳ್ಳಲಿಲ್ಲ. "ನಾನ ಕಟ್ಟಿ ಹೇಳಿದೆ ಅತ್ತಿ. ನೀ ರಕ್ತ ಕೊಡಂಗಿಲ್ಲ ಅಂದಿದ್ದಿ, ಅದಕ್ಕ. ಅಂವನ್ನ ಆ ಥಂಡ್ಯಾಗ ಬಿಟ್ಟುಬಿಡಬೇಕಿತ್ತೇನು?"

"ಅದು ಸುಳ್ಳು."

"ಹೂಂ. ಅದೊಂದು ಸುಳ್ಳು."

"ಹಂಗಾರ ರಕ್ತ ಹೊಂದೇತಿ ಅಂದದ್ದು?"

"ಅದು ದಿಲ್ಲಿಯವರು ಹೇಳಿದ್ದು. ಕಾಗದ ಐತಿ."

"ಕಾಗದ ಓದಿದಾಕಿ ಯಾರು?" ಎಂದಳು ಅನ್ನಮ್ಮ. "ನೀನ ಅಲ್ಲೇನು?"

ದಾನೇಶ್ವರಿ ಫೋನು ತೆಗೆದು ವರ್ಷಾಳ ಮುಂದೆ ಹಿಡಿದಳು. ವರ್ಷಾ ಓದಲು ಬಾಯಿ ತೆರೆಯುವಷ್ಟರಲ್ಲಿ ಜಯಮ್ಮನವರು ಮೆಲ್ಲಗೆ ಕೇಳಿದರು. "ಪೆಟ್ಟಿಗಿ ಮುಚ್ಚಳ ತೆಗದು ನೋಡಿದ್ರೇನ?"

"ಇಲ್ರಿ," ಎಂದಳು ಅನ್ನಮ್ಮ.

"ಹೌದಾ," ಎಂದರು ಜಯಮ್ಮನವರು.

ಅಷ್ಟು ಸಾಕಾಗಿತ್ತು. ಅನ್ನಮ್ಮ ಅಲ್ಲೇ ಕುಸಿದು ಕುಳಿತು ನಕ್ಕಳು, ಅತ್ತಳು, ಮತ್ತೆ ನಕ್ಕಳು. "ಯಾರ ಮಗನ್ನೋ ಹೂತು ಬಂದ್ನೆಲ್ಲೋ ಯಪ್ಪಾ!" ಆಮೇಲೆ ಎದ್ದು ದಾನೇಶ್ವರಿಯ ಕೆನ್ನೆಗೆ ಹೊಡೆದಳು. "ಇನ್ನೊಬ್ಬನ್ನ ಕಟ್ಕೊಳ್ಳಾಕ ನನ್ನ ಮಗನ್ನ ಜೀವಂತ ಮಣ್ಣು ಮಾಡಿದಿ. ನನ್ನ ಅಣ್ಣನ ಹೊಟ್ಟ್ಯಾಗ ಹುಟ್ಟಿದಾಕಿ."

ಗಲ್ಲಿಯಲ್ಲೂ ಅದನ್ನೇ ಹೇಳಿದಳು. ಊರಿಗೂ ಫೋನು ಮಾಡಿಸಿ ಹೇಳಿದಳು. ತಗಡಿನ ಕೋಣೆಯಿಂದ ತನ್ನ ಗಂಟು ತೆಗೆದುಕೊಂಡು ಹೋಗಿ ಜಯಮ್ಮನವರ ಅಡುಗೆಮನೆಯಲ್ಲಿ ಇಳಿದಳು. ಹಗಲು ರಾತ್ರಿ ಮನೆಯಲ್ಲೇ ಇರುವ ಒಬ್ಬಾಕೆ ಜಯಮ್ಮನವರಿಗೂ ಬೇಕಾಗಿತ್ತು. ದಾನೇಶ್ವರಿಗೆ ಇನ್ನು ಬರಬೇಡ ಎಂದರು. ಅವಳು ಜೀಡಿಮೆಟ್ಲಾದ ಮಾತ್ರೆ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗಿಗೆ ಸೇರಿದಳು.

ಐದು ತಿಂಗಳ ಮೇಲೆ ಅಂಬಾದಾಸ ಎಡಗೈ ಕಳೆದುಕೊಂಡು ದೇಶಕ್ಕೆ ಬಂದ. ಊರಿಗೆ ಹೋಗುವ ಮುಂಚೆ ದೊಡ್ಡವ್ವನಿಗೆ ಮುಖಾಮುಖಿ ಹೇಳುತ್ತೇನೆ ಎಂದ. ದಾನೇಶ್ವರಿ ರಜೆ ಹಾಕಿ ಅವನನ್ನು ಮಲ್ಕಾಜ್‌ಗಿರಿಗೆ ಕರೆದುಕೊಂಡು ಹೋದಳು.

ಬಾಗಿಲು ತೆರೆದ ಅನ್ನಮ್ಮ ಮೈದುಂಬಿಕೊಂಡಿದ್ದಳು. ಅಂಬಾದಾಸನ ಖಾಲಿ ತೋಳನ್ನು ನೋಡಿ ಲೊಚಗುಟ್ಟಿದಳು.

"ದೊಡ್ಡವ್ವ, ದಾನಿ ವೈನಿ ಸುಳ್ಳು ಹೇಳಿಲ್ಲ. ಮಲ್ಲು ನನ್ನ ಎದುರಿಗೇ ಹೋದ. ಅಂವನ ಮುಖ ನಾ ನೋಡೀನಿ."

"ಮುಟ್ಟಿದ್ದೇನು?"

ಅಂಬಾದಾಸ ಇಲ್ಲವೆಂದು ತಲೆಯಾಡಿಸಿದ.

"ನಿನಗ ಆಕಿ ಹೇಳಿಕೊಟ್ಟಾಳ," ಎಂದಳು ಅನ್ನಮ್ಮ ಸಮಾಧಾನವಾಗಿಯೇ. "ಅಂವ ಆರಾಮ ಐದಾನ. ನದಿ ದಂಡಿ ಮ್ಯಾಲ ಅಂಗಡಿ ಹಾಕ್ಯಾನ. ಹೆಣ್ಣು ಕೂಸು ಆಗೈತಿ. ಅಮ್ಮಾರು ಎಲ್ಲಾ ಹೇಳ್ಯಾರ."

"ಅತ್ತಿ," ಎಂದಳು ದಾನೇಶ್ವರಿ. "ನನ್ನ ಕಡಿ ಒಮ್ಮೆ ನೋಡು."

ಅನ್ನಮ್ಮ ನೋಡಲಿಲ್ಲ. ಒಳಗಿನಿಂದ ವರ್ಷಾಳ ಓದು ಕೇಳುತ್ತಿತ್ತು, ಬೇರೊಂದು ಪುಸ್ತಕ, ಬಂದರು, ಹಡಗು, ಯಾರೋ ಕೈಬೀಸುವುದು. "ಗದ್ದಲ ಮಾಡಬ್ಯಾಡ್ರಿ, ಕಥಿ ನಡದೈತಿ," ಎಂದು ಅನ್ನಮ್ಮ ಬಾಗಿಲು ಹಾಕಿಕೊಂಡಳು.

ಮೆಟ್ಟಿಲಿಳಿಯುವಾಗ ಅಂಬಾದಾಸನ ಚೀಲ ದಾನೇಶ್ವರಿಯೇ ಹಿಡಿದುಕೊಂಡಳು. ಗೇಟಿನ ಹತ್ತಿರ ಅವನು ನಿಂತುಬಿಟ್ಟ.

"ನಾ ಇನ್ನೊಂದಿಷ್ಟು ಹತ್ತಿರ ಹೋಗಬೇಕಿತ್ತು ವೈನಿ."

"ಹೋಗಿದ್ರೂ ಆಕಿ ನಂಬತಿರಲಿಲ್ಲ," ಎಂದಳು ಅವಳು. "ಮಲ್ಲೂನ ಬೂಟು ಎಂಥಾವು ಇದ್ವು, ಹೇಳು."

ಅವನು ಹೇಳಿದ. ಕರಿ ಬೂಟು, ಒಂದಕ್ಕೆ ಲಾಡಿ ಹರಿದಿತ್ತು, ವೈರು ಕಟ್ಟಿಕೊಂಡಿದ್ದ. ಅವಳು ಅದನ್ನು ಕೇಳುತ್ತ ಅವನ ಜೊತೆ ಸ್ಟೇಷನ್ನಿನ ಕಡೆ ನಡೆದಳು.